ಚೈನ್ ಸೆಟ್ ಹೊಸದು ಹಾಕಿದರೂ 'ಟಕ್' ಹೋಗಲಿಲ್ಲವೇ? ಹಿಂದಿನ ಹಬ್ ರಬ್ಬರ್ ನೋಡಿ

ಪ್ರಶ್ನೆ: ಅಣ್ಣಾ, ನನ್ನದು 150 ಸಿಸಿ ಬೈಕ್. ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯಾ ಹತ್ತಿರ. ದಿನಾ ಬದಿಯಡ್ಕಕ್ಕೆ ಹೋಗಿ ಬರುತ್ತೇನೆ. ಆಗಾಗ ಅಡಿಕೆ ಗೋಣಿ ಹಿಂದೆ ಕಟ್ಟಿಕೊಂಡು ಹೋಗುವುದೂ ಇದೆ. ಕೆಲವು ತಿಂಗಳಿಂದ ಎಕ್ಸಿಲೇಟರ್ ಬಿಟ್ಟು ಮತ್ತೆ ಕೊಟ್ಟ ಕೂಡಲೇ ಹಿಂದಿನಿಂದ 'ಟಕ್' ಎಂದು ಹೊಡೆಯುತ್ತದೆ. ಗೇರ್ ಬದಲಿಸುವಾಗಲೂ ಹಾಗೇ. ಚೈನ್ ಲೂಸ್ ಅಂತ ಬಿಗಿ ಮಾಡಿಸಿದೆ. ಆಮೇಲೆ ಚೈನ್ ಸೆಟ್ಟೇ ಹೊಸದು ಹಾಕಿಸಿದೆ. ಸ್ವಲ್ಪ ದಿನ ಕಮ್ಮಿ ಆದ ಹಾಗಿತ್ತು, ಈಗ ಮತ್ತೆ ಅದೇ. ಗೇರ್ ಬಾಕ್ಸ್ ಬಿಚ್ಚಿ ನೋಡಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ: ಬೇಡ, ಸದ್ಯಕ್ಕೆ ಬಿಚ್ಚಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಮೊದಲು ಅನುಮಾನ ಬರುವುದು ಹಿಂದಿನ ಚಕ್ರದ ಹಬ್, ಅಂದರೆ ನಡುಭಾಗದ ಒಳಗಿನ ರಬ್ಬರ್‌ಗಳ ಮೇಲೆ. ಕೆಲವರು ಇದನ್ನು ಡ್ರಮ್ ರಬ್ಬರ್ ಅನ್ನುತ್ತಾರೆ, ಕೆಲವರು ಡ್ಯಾಂಪರ್ ರಬ್ಬರ್ ಅನ್ನುತ್ತಾರೆ. ಸಾಮಾನ್ಯ ಬೈಕ್‌ಗಳಿಗೆ ಕೆಲವೇ ನೂರು ರೂಪಾಯಿಯ ಸಾಮಾನು. ಚೈನ್ ಸೆಟ್ಟಿಗೆ ಇದರ ಹಲವು ಪಟ್ಟು ಆಗುತ್ತದೆ, ಗೇರ್ ಬಾಕ್ಸ್ ಬಿಚ್ಚಿದರೆ ಕೇಳುವುದೇ ಬೇಡ. ಆದರೂ ಎಲ್ಲಕ್ಕಿಂತ ಕೊನೆಗೆ ನೋಡುವುದು ಇದನ್ನೇ. ಕಾರಣ ಇಷ್ಟೇ: ಚೈನ್ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಈ ರಬ್ಬರ್ ಏನು ಮಾಡುತ್ತದೆ ಅಂತ ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಪರೀಕ್ಷೆ ಮಾಡುವುದು ಸುಲಭ.

ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಬಿಲ್ಲೆ) ಚಕ್ರಕ್ಕೆ ನೇರವಾಗಿ ಬೋಲ್ಟ್ ಆಗಿದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಸ್ಪ್ರಾಕೆಟ್ ಕೂತಿರುವುದು ಒಂದು ಬೇರೆ ಡ್ರಮ್ ಮೇಲೆ. ಆ ಡ್ರಮ್ಮಿನ ಒಳಬದಿಯಲ್ಲಿ ದಪ್ಪ ಬೆರಳುಗಳ ಹಾಗೆ ಅಲ್ಯೂಮಿನಿಯಂ ರೆಕ್ಕೆಗಳಿವೆ. ಚಕ್ರದ ಹಬ್ ಒಳಗೂ ಅಂಥದ್ದೇ ಗೋಡೆಗಳಿವೆ. ಡ್ರಮ್ಮಿನ ರೆಕ್ಕೆ ಹಬ್ಬಿನ ಎರಡು ಗೋಡೆಗಳ ನಡುವೆ ಹೋಗಿ ಕೂರುತ್ತದೆ. ಆದರೆ ಲೋಹಕ್ಕೆ ಲೋಹ ತಾಗುವುದಿಲ್ಲ, ನಡುವೆ ರಬ್ಬರ್ ತುಂಡುಗಳಿರುತ್ತವೆ. ಹೆಚ್ಚಿನ ಸಣ್ಣ ಬೈಕ್‌ಗಳಲ್ಲಿ 4, ಕೆಲವದರಲ್ಲಿ 5 ಅಥವಾ 6. ಇಂಜಿನ್ ಶಕ್ತಿ ಚೈನ್‌ನಿಂದ ಸ್ಪ್ರಾಕೆಟ್‌ಗೆ, ಅಲ್ಲಿಂದ ಡ್ರಮ್‌ಗೆ, ಡ್ರಮ್‌ನಿಂದ ಈ ರಬ್ಬರ್ ಒತ್ತಿಕೊಂಡು ಚಕ್ರಕ್ಕೆ ಹೋಗುತ್ತದೆ. ಬೇರೆ ದಾರಿಯೇ ಇಲ್ಲ.

ಈ ರಬ್ಬರ್ ಮೇಲೆ ಎಷ್ಟು ಹೊಡೆತ ಬೀಳುತ್ತದೆ ಗೊತ್ತಾ? ಒಂದೇ ಸಿಲಿಂಡರ್‌ನ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ 2000 ಸಲ, ಅಂದರೆ ಸೆಕೆಂಡಿಗೆ 33 ಹೊಡೆತ. ಮೊದಲ ಗೇರ್‌ನಲ್ಲಿ ಇಂಜಿನ್ನಿನ ತಿರುಚುವ ಬಲ ಹಿಂದಿನ ಚಕ್ರಕ್ಕೆ ತಲುಪುವಾಗ 25 ಪಟ್ಟಿಗೂ ಜಾಸ್ತಿ ಆಗಿರುತ್ತದೆ. ಕ್ಲಚ್ ಬಿಟ್ಟ ಕ್ಷಣದಲ್ಲಿ ಅಷ್ಟೂ ಬಲ ಆ ನಾಲ್ಕು ರಬ್ಬರ್ ತುಂಡುಗಳ ಮೇಲೆ ಬೀಳುತ್ತದೆ. ಅವು ಸ್ವಲ್ಪ ಅಮುಕಿ, ಹೊಡೆತವನ್ನು ನುಂಗಿ, ಮೆಲ್ಲಗೆ ಚಕ್ರಕ್ಕೆ ದಾಟಿಸುತ್ತವೆ. ರಬ್ಬರ್ ಸವೆದು ಚಿಕ್ಕದಾದರೆ ನಡುವೆ ಖಾಲಿ ಜಾಗ ಆಗುತ್ತದೆ. ಎಕ್ಸಿಲೇಟರ್ ಬಿಟ್ಟಾಗ ಡ್ರಮ್ ಆ ಜಾಗದಲ್ಲಿ ಹಿಂದಕ್ಕೆ ಜಾರುತ್ತದೆ, ಕೊಟ್ಟಾಗ ಮುಂದಕ್ಕೆ ಓಡಿ ಬಂದು ಗುದ್ದುತ್ತದೆ. ನಿಮಗೆ ಕೇಳುವ 'ಟಕ್' ಅದೇ ಇರಬೇಕು.

ನಮ್ಮ ಕಡೆ ರಬ್ಬರ್ ಬೇಗ ಹೋಗುವುದಕ್ಕೆ ಕಾರಣಗಳೂ ಇವೆ. ಚೆರ್ಕಳದಿಂದ ಜಾಲ್ಸೂರಿನ ಕಡೆ ಹೋಗುವ ರಸ್ತೆ ನಿಮಗೆ ಗೊತ್ತಲ್ವಾ, ಏರು, ಇಳಿತ, ತಿರುವು, ಮತ್ತೆ ಏರು. ಏರುವಾಗ ರಬ್ಬರಿನ ಒಂದು ಬದಿ ಅಮುಕುತ್ತದೆ. ಇಳಿಯುವಾಗ ಗೇರ್‌ನಲ್ಲೇ ಬಿಟ್ಟು ಇಂಜಿನ್ ಹಿಡಿತದಲ್ಲಿ ಬರುತ್ತೀರಿ, ಆಗ ಇನ್ನೊಂದು ಬದಿ ಅಮುಕುತ್ತದೆ. ಸಮತಟ್ಟಾದ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವ ಬೈಕಿಗೆ ಈ ಎರಡು ಕಡೆಯ ಪೆಟ್ಟು ಇಲ್ಲ. ಅದರ ಮೇಲೆ ಅಡಿಕೆ ಗೋಣಿಯ ಭಾರ. ಅದರ ಮೇಲೆ ನಮ್ಮ ಮಳೆಗಾಲ. ಮುರಕಲ್ಲಿನ ಕೆಂಪು ನೀರು ಡ್ರಮ್ ಮತ್ತು ಹಬ್ ನಡುವಿನ ಸಂದಿಯಲ್ಲಿ ಒಳಗೆ ಹೋಗುತ್ತದೆ. ನೀರು ಒಣಗಿದರೂ ನಯವಾದ ಮಣ್ಣು ಅಲ್ಲೇ ಉಳಿದು ರಬ್ಬರನ್ನು ಉಜ್ಜುತ್ತಾ ಇರುತ್ತದೆ. ಬೈಕ್ ತೊಳೆಯುವಾಗ ಪ್ರೆಶರ್ ಪಂಪ್ ಅನ್ನು ಹಬ್ಬಿಗೆ ನೇರ ಹಿಡಿಯುವುದೂ ಇದೇ ಕೆಲಸ ಮಾಡುತ್ತದೆ.

ತೋಟದವರಿಗೆ ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಅದರಲ್ಲಿರುವುದು ತಾಮ್ರ. ತಾಮ್ರ ಸಹಜ ರಬ್ಬರಿನ ಶತ್ರು, ಅದು ತಾಗಿದ ರಬ್ಬರ್ ಬೇಗ ಹಳತಾಗಿ ಹಾಳಾಗುತ್ತದೆ. ಕ್ಯಾನ್ ಕಟ್ಟಿಕೊಂಡು ಹೋಗುವಾಗ ಹಿಂದಿನ ಚಕ್ರದ ಮೇಲೆ ಚೆಲ್ಲಿದರೆ ಅವತ್ತೇ ಸಾದಾ ನೀರು ಹೊಯ್ದು ತೊಳೆಯಿರಿ.

ಈಗ ಪರೀಕ್ಷೆಗೆ ಬರೋಣ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ 'ಟಕ್' ಅನ್ನುವ ಸಡಿಲ ಮೂರು ಕಡೆ ಇರಬಹುದು: ಗೇರ್ ಬಾಕ್ಸ್ ಒಳಗೆ, ಚೈನ್‌ನಲ್ಲಿ, ಹಬ್ ರಬ್ಬರ್‌ನಲ್ಲಿ. ಮೂರನ್ನೂ ಬೇರೆ ಬೇರೆ ಮಾಡಿ ನೋಡಿದರೆ ಮಾತ್ರ ದುಡ್ಡು ಸರಿಯಾದ ಕಡೆ ಹೋಗುತ್ತದೆ.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಇಂಜಿನ್ ಓಡಿಸಿಕೊಂಡು ಚೈನ್ ಹತ್ತಿರ ಕೈ ಇಟ್ಟು ಬೆರಳು ಕಳೆದುಕೊಂಡವರಿದ್ದಾರೆ. ಚೈನ್ ಒರೆಸುವುದಾದರೂ, ಎಣ್ಣೆ ಹಾಕುವುದಾದರೂ ಇಂಜಿನ್ ಬಂದ್ ಇರಲಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಮೊದಲ ಗೇರ್ ಹಾಕಿ. ಹಿಂದಿನ ಟಯರ್ ಹಿಡಿದು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಅಲುಗಿಸಿ. ಯಾವ ಬೈಕ್ ಆದರೂ ಸ್ವಲ್ಪ ಅಲುಗಿಯೇ ಅಲುಗುತ್ತದೆ, ಹೆದರಬೇಡಿ. ಈಗ ಟಯರ್ ಬಿಟ್ಟು ಸ್ಪ್ರಾಕೆಟ್ ಕಡೆ ಕಣ್ಣಿಡಿ, ಇನ್ನೊಬ್ಬರಿಗೆ ಟಯರ್ ಅಲುಗಿಸಲು ಹೇಳಿ. ಚಕ್ರ ಅಲುಗುತ್ತಿದೆ, ಆದರೆ ಹಿಂದಿನ ಸ್ಪ್ರಾಕೆಟ್ ಅಲ್ಲೇ ನಿಂತಿದೆ ಅಂದರೆ ಸಡಿಲ ಇರುವುದು ರಬ್ಬರ್‌ನಲ್ಲಿ. ಚಕ್ರದ ಜೊತೆ ಹಿಂದಿನ ಸ್ಪ್ರಾಕೆಟ್ಟೂ ಅಲುಗುತ್ತಿದೆ, ಚೈನ್ ಮಾತ್ರ ಮೇಲೆ ಕೆಳಗೆ ಜೋಲುತ್ತಿದೆ ಅಂದರೆ ಅದು ಚೈನ್ ಸಡಿಲ. ಚೈನ್ ಬಿಗಿಯಾಗಿಯೇ ಇದ್ದು, ಮುಂದಿನ ಸ್ಪ್ರಾಕೆಟ್ ಕೂಡ ಜೊತೆಗೆ ತಿರುಗುತ್ತಿದೆ ಅಂದರೆ ಉಳಿದ ಆಟ, ಅಂದರೆ ಸಡಿಲ, ಗೇರ್ ಬಾಕ್ಸ್ ಒಳಗಿನದು. ಗೇರ್‌ಗಳು ಒಂದಕ್ಕೊಂದು ಕಚ್ಚುವ ಜಾಗದಲ್ಲಿ ಸ್ವಲ್ಪ ಸಡಿಲ ಕಂಪನಿಯಿಂದಲೇ ಇಟ್ಟಿರುತ್ತಾರೆ, ಅದು ದೋಷ ಅಲ್ಲ.

ಇದರಲ್ಲಿ ಅನುಮಾನ ಉಳಿದರೆ ಇನ್ನೂ ಖಚಿತವಾದ ಉಪಾಯ ಇದೆ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬಿಳಿ ಮಾರ್ಕರ್‌ನಲ್ಲಿ ಸ್ಪ್ರಾಕೆಟ್ ಡ್ರಮ್‌ನ ಅಂಚಿನಿಂದ ಹಬ್ಬಿನ ಮೇಲೆ ದಾಟುವಂತೆ ಒಂದು ನೇರ ಗೆರೆ ಎಳೆಯಿರಿ. ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ನೀವು ಚೈನ್‌ನ ಕೆಳಗಿನ ಸಾಲನ್ನು ಮುಂದಕ್ಕೆ ಎಳೆಯಿರಿ, ಆಮೇಲೆ ಮೇಲಿನ ಸಾಲನ್ನು ಎಳೆಯಿರಿ. ಬೆರಳು ಚೈನ್ ಮತ್ತು ಹಲ್ಲಿನ ನಡುವೆ ಹೋಗದ ಹಾಗೆ ದೂರದಲ್ಲಿ ಹಿಡಿಯಿರಿ. ರಬ್ಬರ್ ಚೆನ್ನಾಗಿದ್ದರೆ ಗೆರೆ ಒಂಚೂರು ಮುರಿದ ಹಾಗೆ ಕಂಡು, ಕೈ ಬಿಟ್ಟ ಕೂಡಲೇ ತಾನಾಗಿ ಸೇರಿಕೊಳ್ಳುತ್ತದೆ. ಕೈಗೆ ಮೊದಲಿನಿಂದಲೇ ಒಂದು ಮೆತ್ತನೆಯ ತಡೆ ಸಿಗುತ್ತದೆ. ರಬ್ಬರ್ ಹೋಗಿದ್ದರೆ ಸ್ಪ್ರಾಕೆಟ್ ಏನೂ ತಡೆಯಿಲ್ಲದೆ ಓಡಿ ಬಂದು ಗಟ್ಟಿಯಾದ ಏನಕ್ಕೋ ತಾಗಿ ನಿಲ್ಲುತ್ತದೆ. ಗೆರೆಯ ಎರಡು ತುಂಡು ದೂರ ದೂರ ನಿಂತೇ ಇರುತ್ತವೆ. ಅರ್ಧ ಹಲ್ಲಿನಷ್ಟು ಹೀಗೆ ಸುಮ್ನೆ ಓಡಾಡಿದರೆ ಇನ್ನು ಯೋಚನೆ ಮಾಡುವುದು ಬೇಡ, ರಬ್ಬರ್ ಬದಲಿಸಿ.

ಒಂದು ಎಚ್ಚರಿಕೆ. ಸ್ಪ್ರಾಕೆಟ್ಟನ್ನು ಅಡ್ಡಕ್ಕೆ, ಅಂದರೆ ನಿಮ್ಮ ಕಡೆಗೆ ಮತ್ತು ಚಕ್ರದ ಕಡೆಗೆ ಅಲುಗಿಸಿಯೂ ನೋಡಿ. ಅಡ್ಡಕ್ಕೆ ಆಟ ಇದ್ದರೆ ಅದು ರಬ್ಬರಿನ ತಪ್ಪಲ್ಲ, ಹೆಚ್ಚಾಗಿ ಡ್ರಮ್ ಒಳಗಿನ ಬೇರಿಂಗ್ ಹೋಗಿರುತ್ತದೆ. ಬೇರಿಂಗ್ ಹಾಳಾದ ಡ್ರಮ್‌ಗೆ ಹೊಸ ರಬ್ಬರ್ ಹಾಕಿದರೆ ಅದೂ ಓರೆಯಾಗಿ ತಿಂದು ಹೋಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸಿಬಿಡಿ.

ರಬ್ಬರ್ ಬದಲಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಪಂಚರ್‌ಗೆ ಹಿಂದಿನ ಚಕ್ರ ಬಿಚ್ಚಿ ಗೊತ್ತಿರುವವರಿಗೆ ಕಷ್ಟವೇ ಇಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಬೈಕ್‌ನ ಮಾಡೆಲ್ ಮತ್ತು ವರ್ಷ ಆರ್‌ಸಿ ನೋಡಿ ಬರೆದುಕೊಳ್ಳಿ. ಒಂದೇ ಹೆಸರಿನ ಬೈಕ್‌ಗೆ ಬೇರೆ ಬೇರೆ ವರ್ಷದಲ್ಲಿ ಹಬ್ ಬದಲಾಗಿರುವುದುಂಟು. ಆದಷ್ಟು ಕಂಪನಿಯ ಸಾಮಾನನ್ನೇ ತನ್ನಿ. ಸ್ಥಳೀಯ ನಕಲಿ ರಬ್ಬರ್ ಕೆಲವು ಸಲ ಕಲ್ಲಿನಷ್ಟು ಗಟ್ಟಿ ಇರುತ್ತದೆ. ಆಗ 'ಟಕ್' ಹೋಗುತ್ತದೆ ನಿಜ, ಆದರೆ ರಬ್ಬರ್ ಅಮುಕುವುದೇ ಇಲ್ಲವಲ್ಲ, ಹೊಡೆತವೆಲ್ಲ ಚೈನ್‌ಗೆ ಮತ್ತು ಗೇರ್‌ಗೆ ಹೋಗುತ್ತದೆ. ಕೊಳ್ಳುವಾಗ ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಿಗಿಯಾಗಿ ಒತ್ತಿದರೆ ಸ್ವಲ್ಪವಾದರೂ ಒಳಗೆ ಹೋಗಬೇಕು.

ಚಕ್ರ ಬಿಚ್ಚುವಾಗ ಮೊದಲು ನಿಮ್ಮ ಬೈಕ್‌ನಲ್ಲಿ ಡ್ರಮ್ ಬ್ರೇಕಾ ಡಿಸ್ಕಾ ನೋಡಿ. ಡ್ರಮ್ ಬ್ರೇಕ್ ಆದರೆ ಬ್ರೇಕ್ ರಾಡ್‌ನ ತುದಿಯ ನಟ್ ಬಿಚ್ಚಿ, ಸ್ಪ್ರಿಂಗ್ ಮತ್ತು ಸಣ್ಣ ಪಿನ್ ಕಳೆಯದಂತೆ ಮತ್ತೆ ಅದೇ ರಾಡ್‌ಗೆ ಸಿಕ್ಕಿಸಿಡಿ. ಬ್ರೇಕ್ ಪ್ಲೇಟನ್ನು ಹಿಡಿದಿರುವ ಉದ್ದ ಪಟ್ಟಿ ಇರುತ್ತದೆ, ಅದರ ಬೋಲ್ಟ್ ಬಿಚ್ಚಿ. ಡಿಸ್ಕ್ ಆದರೆ ಚಕ್ರ ಹೊರಗೆ ಇರುವಷ್ಟು ಹೊತ್ತು ಬ್ರೇಕ್ ಪೆಡಲ್ ಮುಟ್ಟಲೇಬೇಡಿ. ಮುಟ್ಟಿದರೆ ಪ್ಯಾಡ್‌ಗಳು ಹತ್ತಿರ ಬಂದು, ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಪ್ಯಾಡ್‌ಗಳ ನಡುವೆ ಒಂದು ಮರದ ಚಕ್ಕೆ ಇಟ್ಟರೆ ನಿಶ್ಚಿಂತೆ.

ಆಮೇಲೆ ಎಕ್ಸೆಲ್ ನಟ್. ಎಕ್ಸೆಲ್ ಅಂದರೆ ಚಕ್ರದ ನಡುವೆ ಹಾದುಹೋಗುವ ಸರಳು. ಹಲವು ಬೈಕ್‌ಗಳಲ್ಲಿ ಚೈನ್ ಬದಿಯಲ್ಲಿ ಒಂದರ ಹಿಂದೆ ಒಂದು ಎರಡು ನಟ್ ಕಾಣುತ್ತವೆ. ಹೊರಗಿನ ಚಿಕ್ಕದು ಎಕ್ಸೆಲ್‌ದು. ಒಳಗಿನ ದೊಡ್ಡದು ಸ್ಪ್ರಾಕೆಟ್ ಡ್ರಮ್ಮನ್ನು ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರುವ ಕವಲಿಗೆ) ಹಿಡಿದಿರುವ ಸ್ಲೀವ್ ನಟ್. ಈ ತರಹದ ಬೈಕ್ ಆದರೆ ನಿಮ್ಮ ಅದೃಷ್ಟ. ಹೊರಗಿನ ನಟ್ ಮಾತ್ರ ಬಿಚ್ಚಿ ಎಕ್ಸೆಲ್ ಎಳೆದರೆ ಚೈನ್, ಸ್ಪ್ರಾಕೆಟ್, ಡ್ರಮ್ ಎಲ್ಲ ಇದ್ದಲ್ಲೇ ಇರುತ್ತವೆ, ಚಕ್ರ ಮಾತ್ರ ಬಲಕ್ಕೆ ಸರಿದು ಹೊರಗೆ ಬರುತ್ತದೆ. ಚೈನ್ ಅಡ್ಜಸ್ಟ್ಮೆಂಟ್ ಕೂಡ ಕೆಡುವುದಿಲ್ಲ. ಒಂದೇ ನಟ್ ಇರುವ ಬೈಕ್ ಆದರೆ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಸಡಿಲ ಮಾಡಿ, ಚಕ್ರ ಮುಂದಕ್ಕೆ ತಳ್ಳಿ, ಚೈನನ್ನು ಸ್ಪ್ರಾಕೆಟ್‌ನಿಂದ ಇಳಿಸಿ, ಆಮೇಲೆ ಚಕ್ರ ಇಳಿಸಬೇಕು. ಎಕ್ಸೆಲ್ ಎಳೆಯುವಾಗ ಎರಡೂ ಬದಿಯಿಂದ ಸ್ಪೇಸರ್ ಬುಷ್ (ಅಂತರ ಕಾಯುವ ಸಣ್ಣ ಕೊಳವೆ) ಉದುರುತ್ತವೆ. ಯಾವ ಬದಿಯದ್ದು ಯಾವುದು, ಯಾವ ಮುಖ ಒಳಗೆ ಇತ್ತು ಅಂತ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ. ಎಡ ಬಲ ಅದಲು ಬದಲಾದರೆ ಚಕ್ರ ಮಧ್ಯಕ್ಕೆ ಕೂರುವುದಿಲ್ಲ.

ಡ್ರಮ್ ಬೇರೆ ಮಾಡಿದ ಮೇಲೆ ಒಳಗೆ ಏನಿದೆ ನೋಡಿ. ಸವೆದ ರಬ್ಬರ್ ಇದ್ದರೆ ಹಬ್ ತಳದಲ್ಲಿ ಕಪ್ಪು ಪುಡಿ ಕೂತಿರುತ್ತದೆ, ನಮ್ಮ ಕಡೆ ಅದು ಕೆಂಪು ಮಣ್ಣಿನ ಜೊತೆ ಕಲಸಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ರಬ್ಬರ್ ತುಂಡಿನ ಮೂಲೆಗಳು ಉರುಟಾಗಿರುತ್ತವೆ. ಒತ್ತುವ ಮುಖದಲ್ಲಿ ರೆಕ್ಕೆಯ ಅಚ್ಚು ಗುಳಿಯಾಗಿ ಬಿದ್ದಿರುತ್ತದೆ. ಕೆಲವು ಮೇಲಿನಿಂದ ಚೆನ್ನಾಗಿ ಕಂಡರೂ ಬಗ್ಗಿಸಿದಾಗ ಬಿರುಕು ಬಾಯಿ ಬಿಡುತ್ತದೆ. ಹೊಸ ತುಂಡನ್ನು ಪಕ್ಕದಲ್ಲಿ ಇಟ್ಟು ಹೋಲಿಸಿದರೆ ಎಷ್ಟು ದಪ್ಪ ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ತುಂಡು ಮಾತ್ರ ಹೋಗಿದೆ ಅಂತ ಒಂದನ್ನೇ ಬದಲಿಸಬೇಡಿ. ಹೊಸದರ ಮೇಲೆ ಎಲ್ಲ ಭಾರ ಬಿದ್ದು ಅದೂ ಬೇಗ ಹೋಗುತ್ತದೆ. ಪೂರ್ತಿ ಸೆಟ್ ಹಾಕಿ.

ಹಳೆಯ ಟ್ಯೂಬ್ ಕತ್ತರಿಸಿ ಸಂದಿಗೆ ತುರುಕುವ ಪದ್ಧತಿ ಇದೆ ಅಲ್ವಾ? ದಾರಿಯಲ್ಲಿ ಸಾಮಾನು ಸಿಗದಾಗ ಮನೆ ತಲುಪಲು ಅದು ಸರಿ. ಅದನ್ನೇ ರಿಪೇರಿ ಅಂತ ಬಿಟ್ಟರೆ ಕೆಲವು ದಿನಕ್ಕೆ ಟ್ಯೂಬ್ ತುಂಡು ಜಾರಿ ಮುದ್ದೆಯಾಗುತ್ತದೆ, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಆಗುತ್ತದೆ. ಡ್ರಮ್ ಓರೆಯಾಗಿ ಒತ್ತಲು ಶುರುಮಾಡಿದರೆ ಬೇರಿಂಗ್‌ಗೆ ಪೆಟ್ಟು. ಹೊಸ ಸೆಟ್ಟಿನ ಬೆಲೆ ನೋಡಿದರೆ ಈ ಉಳಿತಾಯಕ್ಕೆ ಅರ್ಥವೇ ಇಲ್ಲ.

ಹಬ್ ಒಳಗನ್ನು ಒಣ ಬಟ್ಟೆ, ಬ್ರಷ್ ಹಾಕಿ ಚೆನ್ನಾಗಿ ಒರೆಸಿ. ಗೋಡೆಗಳ ಬುಡದಲ್ಲಿ ಬಿರುಕು ಇದೆಯಾ ಬೆಳಕು ಬಿಟ್ಟು ನೋಡಿ. ರಬ್ಬರ್ ಪೂರ್ತಿ ಹೋದ ಮೇಲೂ ತುಂಬಾ ದಿನ ಓಡಿಸಿದ್ದರೆ ಲೋಹಕ್ಕೆ ಲೋಹ ಗುದ್ದಿ ಅಲ್ಯೂಮಿನಿಯಂ ತಿಂದಿರುತ್ತದೆ. ಗೋಡೆ ಬಿರುಕು ಬಿಟ್ಟಿದ್ದರೆ ಅಂಥ ಹಬ್ಬಿನಲ್ಲಿ ಓಡಿಸಬೇಡಿ. ಡ್ರಮ್‌ನ ಬೇರಿಂಗ್ ಒಳಗೆ ಬೆರಳು ಹಾಕಿ ತಿರುಗಿಸಿ. ಗರಗರ ಅಂದರೆ, ತಡೆತಡೆದು ತಿರುಗಿದರೆ ಅದನ್ನೂ ಬದಲಿಸಿ. ಡ್ರಮ್ ಮತ್ತು ಹಬ್ ಸೇರುವಲ್ಲಿ ಕೆಲವು ಬೈಕ್‌ಗಳಲ್ಲಿ ತೆಳ್ಳಗಿನ ಓ-ರಿಂಗ್ ಇರುತ್ತದೆ. ಮಣ್ಣು ನೀರು ತಡೆಯುವುದು ಅದೇ. ಹರಿದಿದ್ದರೆ ಹೊಸದು ಹಾಕಿ. ನಮ್ಮ ಮಳೆಗೆ ಇದು ಬೇಕೇ ಬೇಕು.

ಹೊಸ ರಬ್ಬರ್ ಬಿಗಿಯಾಗಿರುತ್ತದೆ, ಕೂರುವುದಿಲ್ಲ. ಆಗ ಕೈಗೆ ಸಿಕ್ಕ ಗ್ರೀಸ್, ಇಂಜಿನ್ ಆಯಿಲ್ ಅಥವಾ ಡೀಸೆಲ್ ಹಚ್ಚುತ್ತಾರೆ. ದಯವಿಟ್ಟು ಬೇಡ. ಪೆಟ್ರೋಲಿಯಂ ಎಣ್ಣೆ ಕುಡಿದ ಸಹಜ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ತೆಂಗಿನೆಣ್ಣೆ ಮನೆಯಲ್ಲೇ ಇದೆ ಅಂತ ಅದನ್ನೂ ಹಚ್ಚಬೇಡಿ. ಸೋಪು ಕರಗಿಸಿದ ನೀರು ಸಾಕು, ಒಣಗಿದ ಮೇಲೆ ಏನೂ ಉಳಿಯುವುದಿಲ್ಲ. ಕೆಲವು ರಬ್ಬರ್‌ಗಳಲ್ಲಿ ಎರಡು ತುಂಡು ಸೇತುವೆಯಂತೆ ಸೇರಿಕೊಂಡಿದ್ದು, ಒಂದು ದಪ್ಪ ಒಂದು ತೆಳು ಇರುತ್ತದೆ. ದಪ್ಪದ್ದು ಎಕ್ಸಿಲೇಟರ್ ಕೊಟ್ಟಾಗ ಅಮುಕುವ ಬದಿಗೆ. ಹಳೆಯದನ್ನು ಎಲ್ಲ ಒಟ್ಟಿಗೆ ಕಿತ್ತು ಹಾಕದೆ, ಒಂದು ತೆಗೆದು ಅದೇ ಜಾಗಕ್ಕೆ ಅದೇ ದಿಕ್ಕಿನಲ್ಲಿ ಹೊಸದು ಇಟ್ಟರೆ ತಪ್ಪಾಗುವುದಿಲ್ಲ. ಆಮೇಲೆ ಡ್ರಮ್ ಇಟ್ಟು ಅಂಗೈಯಲ್ಲಿ ಒತ್ತಿ, ಅಗತ್ಯ ಬಿದ್ದರೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಕಬ್ಬಿಣದ ಸುತ್ತಿಗೆಯಿಂದ ನೇರ ಹೊಡೆಯಬೇಡಿ. ಹೊಸದರಲ್ಲಿ ಸ್ಪ್ರಾಕೆಟ್ ಕೈಯಲ್ಲಿ ತಿರುಗಿಸಿದರೆ ಸ್ವಲ್ಪವೂ ಆಟ ಇರಬಾರದು, ಅದು ಸರಿಯಾಗಿ ಕೂತ ಗುರುತು.

ಡ್ರಮ್ ಸೇರಿಸುವ ಮೊದಲು ಇನ್ನೊಮ್ಮೆ ನೋಡಬೇಕಾದ್ದು ಬೇರಿಂಗ್ ಪಕ್ಕ ಒಳಗೆ ಕೂರುವ ಸ್ಪೇಸರ್. ಇದನ್ನು ಮರೆತು ಎಕ್ಸೆಲ್ ಬಿಗಿದರೆ ಬೇರಿಂಗ್‌ನ ಒಳಸುತ್ತಿನ ಮೇಲೆ ಅಡ್ಡ ಒತ್ತಡ ಬಿದ್ದು ಹೊಸ ಬೇರಿಂಗ್ ಕೂಡ ಬೇಗನೆ ಹಾಳಾಗುತ್ತದೆ. ಕೆಲಸ ಮುಗಿದ ಮೇಲೆ ಕೈಯಲ್ಲಿ ಒಂದು ಬುಷ್ ಉಳಿದಿದೆ ಅಂದರೆ 'ಎಕ್ಸ್ಟ್ರಾ ಇರಬೇಕು' ಅಂದುಕೊಳ್ಳಬೇಡಿ. ಮತ್ತೆ ಬಿಚ್ಚಿ.

ಚಕ್ರ ಏರಿಸಿ ಎಕ್ಸೆಲ್ ಹಾಕಿದ ಮೇಲೆ ಚೈನ್ ಸಡಿಲ ನೋಡಿ. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಮಾಡಿದರೆ ಹೆಚ್ಚಿನ ಸಣ್ಣ ಬೈಕ್‌ಗಳಿಗೆ 20ರಿಂದ 30 ಮಿಲಿಮೀಟರ್ ಇರಬೇಕು. ನಿಮ್ಮ ಬೈಕ್‌ನ ಸರಿಯಾದ ಅಂಕಿ ಪುಸ್ತಕದಲ್ಲೋ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲೋ ಇರುತ್ತದೆ, ಅದೇ ಕೊನೆಯ ಮಾತು. ಚಕ್ರ ತಿರುಗಿಸಿ ಹಲವು ಕಡೆ ಅಳೆದು, ಚೈನ್ ಅತ್ಯಂತ ಬಿಗಿ ಇರುವ ಜಾಗದಲ್ಲಿ ಈ ಅಳತೆ ಇಡಿ. ನೀವು ಗೋಣಿ ಕಟ್ಟುವವರು. ಭಾರ ಬಿದ್ದಾಗ ಸ್ವಿಂಗ್ ಆರ್ಮ್ ಮೇಲೆ ಬಂದು ಚೈನ್ ಇನ್ನೂ ಬಿಗಿಯಾಗುತ್ತದೆ. ಅದಕ್ಕೇ 'ಟಕ್' ಹೋಗಲಿ ಅಂತ ಚೈನನ್ನು ತಂತಿಯ ಹಾಗೆ ಎಳೆದು ಕಟ್ಟುವುದು ದೊಡ್ಡ ತಪ್ಪು. ಗೇರ್ ಬಾಕ್ಸ್‌ನ ಹೊರ ಬೇರಿಂಗ್ ಅದರಿಂದ ಹಾಳಾಗುತ್ತದೆ. ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಗೆರೆಯಲ್ಲಿ ಇರಲಿ.

ಡ್ರಮ್ ಬ್ರೇಕ್ ಬೈಕ್‌ಗೆ ಒಂದು ಉಪಯೋಗದ ಕ್ರಮ ಇದೆ. ಬ್ರೇಕ್ ರಾಡ್ ಜೋಡಿಸಿ, ಎಕ್ಸೆಲ್ ನಟ್ ಪೂರ್ತಿ ಬಿಗಿಯುವ ಮೊದಲು ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಬ್ರೇಕ್ ಪ್ಲೇಟ್ ತಾನಾಗಿ ಮಧ್ಯಕ್ಕೆ ಬರುತ್ತದೆ. ಹಾಗೇ ಹಿಡಿದುಕೊಂಡು ನಟ್ ಬಿಗಿಯಿರಿ.

ಆಮೇಲೆ ಬ್ರೇಕ್ ಪ್ಲೇಟಿನ ಆ ಉದ್ದ ಪಟ್ಟಿ. ಅದರ ಬೋಲ್ಟ್ ಹಾಕಿದ್ದೀರಾ, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಿದ್ದೀರಾ ಅಂತ ಎರಡೆರಡು ಸಲ ನೋಡಿ. ಅದು ಬಿಟ್ಟುಹೋದರೆ ಬ್ರೇಕ್ ಒತ್ತಿದ ಕೂಡಲೇ ಪ್ಲೇಟ್ ಸುತ್ತಿ ಚಕ್ರವೇ ಕಚ್ಚಿಕೊಂಡು ನಿಲ್ಲಬಹುದು. ಇಳಿತದಲ್ಲಿ ಹಾಗಾದರೆ ಜೀವಕ್ಕೆ ಅಪಾಯ. ಬೇರೆ ಯಾವುದರಲ್ಲಿ ಅವಸರ ಮಾಡಿದರೂ ಇದರಲ್ಲಿ ಮಾಡಬೇಡಿ. ಹಳೆಯ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕುವುದು ಬೇಡ, ಹೊಸದು ಹಾಕಿ.

ಮೊದಲು ಮನೆ ಮುಂದೆ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಯುತ್ತದಾ ನೋಡಿ. ಆಮೇಲೆ ಒಂದು ಏರು ಹತ್ತಿಸಿ. ಒಂದು ವಾರ ಓಡಿಸಿದ ಮೇಲೆ ಎಕ್ಸೆಲ್ ನಟ್, ಸ್ಪ್ರಾಕೆಟ್ ನಟ್‌ಗಳು, ಚೈನ್ ಸಡಿಲ ಇನ್ನೊಮ್ಮೆ ನೋಡಿಬಿಡಿ.

ರಬ್ಬರ್ ಬದಲಿಸಿದ ಮೇಲೂ 'ಟಕ್' ಉಳಿದರೆ ಎಕ್ಸಿಲೇಟರ್ ಹಿಡಿಯ ಸಡಿಲ ನೋಡಿ. ಕೇಬಲ್ ಎಳೆಯುವ ಮೊದಲು ಹಿಡಿ ಸುಮ್ನೆ ತಿರುಗುವುದು 2ರಿಂದ 6 ಮಿಲಿಮೀಟರ್ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಪೆಟ್ರೋಲ್ ಒಮ್ಮೆಲೇ ಹೋಗಿ ಬೈಕ್ ಜಗ್ಗುತ್ತದೆ. ನಂತರ ಮುಂದಿನ ಸ್ಪ್ರಾಕೆಟ್‌ನ ಕವರ್ ತೆಗೆದು, ಅದು ಶಾಫ್ಟ್ ಮೇಲೆ ತಿರುಗುವ ದಿಕ್ಕಿನಲ್ಲಿ ಅಲುಗುತ್ತದಾ ನೋಡಿ. ಶಾಫ್ಟಿನ ಹಲ್ಲು ಸವೆದಿದ್ದರೆ ಇದೇ ತರಹ ಹೊಡೆಯುತ್ತದೆ. ಇವೆಲ್ಲ ಸರಿ ಇದ್ದೂ ಗೇರ್ ತಾನಾಗಿ ಜಾರಿ ಬೀಳುತ್ತಿದ್ದರೆ ಮಾತ್ರ ಗೇರ್ ಬಾಕ್ಸ್ ಬಿಚ್ಚುವ ಮಾತು.

ಈಗಾಗಲೇ ಹಾಕಿಸಿದ ಹೊಸ ಚೈನ್ ಸೆಟ್ಟನ್ನು ಬಿಸಾಡಬೇಕಾಗಿಲ್ಲ. ಸವೆದ ರಬ್ಬರ್ ಮೇಲೆ ಓಡಿದ್ದರಿಂದ ಅದಕ್ಕೆ ಸ್ವಲ್ಪ ಪೆಟ್ಟು ಬಿದ್ದಿರಬಹುದು. ಚಕ್ರ ತಿರುಗಿಸಿ ನೋಡುವಾಗ ಒಂದು ಕಡೆ ತುಂಬಾ ಬಿಗಿ, ಇನ್ನೊಂದು ಕಡೆ ತುಂಬಾ ಸಡಿಲ ಕಾಣದಿದ್ದರೆ ಅದನ್ನೇ ಓಡಿಸಿ. ಮಳೆಯಲ್ಲಿ ಹೋಗಿ ಬಂದ ದಿನ ಒರೆಸಿ ಚೈನ್ ಎಣ್ಣೆ ಹಾಕಿ, ಒಳಬದಿಗೆ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ.